ಟೇಪಿನಲ್ಲಿಲ್ಲದ ಕೊನೆಯ ದೃಶ್ಯ

1999ರ ಅಕ್ಟೋಬರ್ 9, ಶನಿವಾರ ಬೆಳಗ್ಗೆ 6 ಗಂಟೆ 40 ನಿಮಿಷಕ್ಕೆ ಮೃತ್ಯುಂಜಯ ಬಣಕಾರರು ನ್ಯೂಜೆರ್ಸಿಯ ಮೆಟುಚೆನ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕುಳಿತು, ವಿಸಿಆರ್‌ನಲ್ಲಿ ಒಂದು ಹಳೆಯ ಸಿನಿಮಾವನ್ನು ಮುಂದಕ್ಕೆ ಓಡಿಸುತ್ತಿದ್ದರು. ತೊಡೆಯ ಮೇಲೆ ಗೀಟಿನ ಹಳದಿ ಕಾಗದದ ಪ್ಯಾಡು, ಕಿವಿಯ ಹಿಂದೆ ಪೆನ್ಸಿಲ್ಲು, ಪಕ್ಕದಲ್ಲಿ ಆರಿದ ಚಹಾ. ಹಿಂದಿನ ದಿನ ಆಫೀಸಿಗೆ ತೊಟ್ಟಿದ್ದ ಪ್ಯಾಂಟನ್ನು ಇನ್ನೂ ಬದಲಿಸಿರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಐದು ವಾರ ಉಳಿದಿತ್ತು. ನಾಟಕದ ಕೊನೆಯ ದೃಶ್ಯವೊಂದನ್ನು ಬರೆಯುವುದು ಬಾಕಿ ಇತ್ತು.

ಸಿನಿಮಾ ಹಾಲಿವುಡ್ಡಿನದು, ಕಪ್ಪು ಬಿಳುಪಿನದು, ಅದಕ್ಕೂ ಹಳೆಯ ಫ್ರೆಂಚ್ ಸಿನಿಮಾವೊಂದರ ರೀಮೇಕು. ಕಥೆ ಇಷ್ಟೇ. ಅಪ್ಪ ಬಿಟ್ಟುಹೋದ ಒಂದೇ ಕ್ಷೌರದ ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೆಲಸ ಮಾಡುತ್ತಾರೆ. ಅವರ ನಡುವೆ ಮಾತು ನಿಂತು ವರ್ಷಗಳಾಗಿವೆ. ಹೇಳಲೇಬೇಕಾದ್ದನ್ನು ಕುರ್ಚಿಯಲ್ಲಿ ಕುಳಿತ ಗಿರಾಕಿಯ ಮೂಲಕ ಹೇಳಿಸುತ್ತಾರೆ. ಮುಖದ ತುಂಬ ಸೋಪಿನ ನೊರೆ ಹೊತ್ತ ಬಡಪಾಯಿ ಗಿರಾಕಿ ಅತ್ತ ತಿರುಗಿ ಒಂದು, ಇತ್ತ ತಿರುಗಿ ಒಂದು ಹೇಳುತ್ತ ಇರಬೇಕು. ನಗು ಅಲ್ಲಿ ಬರುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಗು ಕಡಿಮೆಯಾಗುತ್ತದೆ.

ಮೃತ್ಯುಂಜಯ ಇದನ್ನು ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಟೇಲರ್ ಅಂಗಡಿಯಾಗಿ ಬದಲಿಸಿದ್ದರು. ಕಾರಣ ಕೇಳಿದವರಿಗೆ, "ಪ್ರತಿ ರಿಹರ್ಸಲ್‌ಗೂ ಯಾರ ತಲಿ ಬೋಳಸೂಣ್ರೀ?" ಎನ್ನುತ್ತಿದ್ದರು. ಟೇಲರ್ ಆದರೆ ಒಂದು ಅಳತೆ ಟೇಪು, ಒಂದು ಕತ್ತರಿ, ಒಂದು ಹೊಲಿಗೆ ಯಂತ್ರ ಸಾಕು.

ತೆರೆಯ ಮೇಲೆ ಅಂಗಡಿ ಖಾಲಿಯಾಯಿತು. ಕೊನೆಯ ಗಿರಾಕಿ ಟೋಪಿ ಹಾಕಿಕೊಂಡು ಹೊರಟ. ಅಣ್ಣ ಬಾಗಿಲ ಬಳಿ ಹೋಗಿ ಫಲಕವನ್ನು ತಿರುಗಿಸಿದ. ತಮ್ಮ ಬೆನ್ನು ಹಾಕಿ ನಿಂತು ಕನ್ನಡಿ ಒರೆಸುತ್ತಿದ್ದ. ಮೃತ್ಯುಂಜಯ ಪೆನ್ಸಿಲ್ಲು ಕೈಗೆ ತೆಗೆದುಕೊಂಡರು. ಚಿತ್ರದ ಮೇಲೆ ಒಂದು ಬಿಳಿ ಗೆರೆ ಅಡ್ಡ ಓಡಿತು, ಸದ್ದು ಗೊರಗೊರ ಎಂದಿತು, ಬಣ್ಣ ಬಂತು. ಬಂಗಾರದ ಅಂಗಡಿಯೊಂದರ ಜಾಹೀರಾತು. ಆಮೇಲೆ ಭಾರತಕ್ಕೆ ಅಗ್ಗದ ಟಿಕೆಟ್. ಆಮೇಲೆ ಹಿಮದ ಮೇಲೆ ತೆಳು ಸೀರೆಯಲ್ಲಿ ಕುಣಿಯುವ ಹಿಂದಿ ಹಾಡು.

"ರಾಜೀ!"

ಹೆಂಡತಿ ರಾಜಿ ಮೆಟ್ಟಿಲ ತುದಿಯಲ್ಲಿ ಬಂದು ನಿಂತರು. "ಏನ್ರೀ, ಮುಂಜಾನೆದ್ದು ಒದರಾಕತ್ತೀರಿ."

"ಶನಿವಾರದ ಹಿಂದಿ ಹಾಡಿನ ಪ್ರೋಗ್ರಾಂ ಇದರ ಮ್ಯಾಲೆ ರೆಕಾರ್ಡ್ ಮಾಡೀಯಲ್ಲ?"

"ಮಾಡಿರಬೇಕು. ಕೈಗೆ ಯಾವ ಟೇಪ್ ಸಿಗ್ತದೋ ಅದನ್ನ ಹಾಕ್ತಿದ್ದೆ. ಆವಾಗ ಶನಿವಾರಕ್ಕ ಒಂದು ತಾಸು ನಮ್ಮ ಮಂದಿ ಮಾರಿ ಕಾಣ್ತಿತ್ತು. ನೀವು ಆ ಸಿನಿಮಾ ನೋಡಿದ್ದ ಕಂಡಿಲ್ಲ."

ಅದು ನಿಜವೇ. ಎಂಟು ವರ್ಷದ ಹಿಂದೆ ಆ ಸಿನಿಮಾ ಟಿವಿಯಲ್ಲಿ ಬರುತ್ತದೆಂದು ತಿಳಿದು ಟೈಮರ್ ಇಟ್ಟು ರೆಕಾರ್ಡ್ ಮಾಡಿದ್ದರು, ರಜೆಯಲ್ಲಿ ನೋಡೋಣವೆಂದು. ನಿಧಾನ ವೇಗದಲ್ಲಿ ರೆಕಾರ್ಡ್ ಮಾಡಿದರೆ ಒಂದು ಟೇಪಿನಲ್ಲಿ ಮೂರು ಸಿನಿಮಾ ಹಿಡಿಯುತ್ತವೆ. ಹಾಗೆ ಹಿಡಿಸಿದ ಟೇಪುಗಳು ಬೇಸ್‌ಮೆಂಟಿನ ಒಂದು ಗೋಡೆಯನ್ನೇ ತುಂಬಿದ್ದವು. ರಜೆ ಬಂದಾಗ ಮೃತ್ಯುಂಜಯ ನಿದ್ದೆ ಮಾಡುತ್ತಿದ್ದರು. ಈ ಸಿನಿಮಾ ಹೇಗೂ ಬಾಯಿಪಾಠ ಎಂಬ ಧೈರ್ಯ ಬೇರೆ. 1977ರಲ್ಲಿ, ಹೋಬೋಕನ್‌ನಲ್ಲಿ ಬಾಡಿಗೆಗಿದ್ದಾಗ, ಅದನ್ನು ನೋಡಿದ್ದರು.

ಅವರು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಓದಿದ್ದು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ. 1975ರಲ್ಲಿ ಈ ದೇಶಕ್ಕೆ ಬಂದು, ಇನ್ಷೂರೆನ್ಸ್ ಕಂಪನಿಯೊಂದರಲ್ಲಿ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅದನ್ನೇ ಬರೆಯುತ್ತ ಕೂದಲು ಬಿಳಿ ಮಾಡಿಕೊಂಡರು. ಜಾವಾ ಕಲಿತ ಹುಡುಗರು ನಿನ್ನೆ ಬಂದು ಇವತ್ತು ಕಾರು ಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ಅವರನ್ನು ಯಾರೂ ಗಮನಿಸುತ್ತಿರಲಿಲ್ಲ. 1998ರ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲರಿಗೂ ಅವರು ಬೇಕಾದರು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಂಗಳು 2000 ಬಂದಾಗ ಅದನ್ನು 1900 ಎಂದುಕೊಳ್ಳದಂತೆ ತಿದ್ದಬೇಕಿತ್ತು. ಕೆಲಸ ಕಷ್ಟದ್ದಲ್ಲ, ಮುಗಿಯದ್ದು. ಬೆಳಗ್ಗೆ ಮೆಟುಚೆನ್‌ನಿಂದ ರೈಲು, ನೆವಾರ್ಕ್‌ನಲ್ಲಿ ಇಳಿದು ಇನ್ನೊಂದು ರೈಲು, ಜರ್ಸಿ ಸಿಟಿಯಲ್ಲಿ ಕಿಟಕಿಯಿಲ್ಲದ ಒಂದು ಮಹಡಿ. ಸಂಜೆ ಅದೇ ಹಾದಿ ವಾಪಸ್. ಸೊಂಟದ ಪೇಜರ್ ನಿದ್ದೆಯಲ್ಲೂ ಗುರುಗುಟ್ಟುತ್ತಿತ್ತು. ಆ ಎರಡು ವರ್ಷದಲ್ಲಿ ತಾವು ಓದಿದ್ದೆಂದರೆ ತಮ್ಮದೇ ವಯಸ್ಸಿನ ಕೋಡು ಮಾತ್ರ ಎಂದು ಅವರು ಒಮ್ಮೆ ಹೇಳಿದ್ದರು.

ಆದರೂ ಕೂಟದ ನಾಟಕವನ್ನು ಬಿಟ್ಟಿರಲಿಲ್ಲ. ರೈಲಿನಲ್ಲಿ ಬರೆಯುತ್ತಿದ್ದರು. ಒಂದು ದೃಶ್ಯ ಮುಗಿದರೆ ಆ ವಾರಕ್ಕೆ ಅಷ್ಟನ್ನೇ ನಕಲು ಮಾಡಿ ಹಂಚುವುದು, ಭಾನುವಾರ ಯಾರದಾದರೂ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ನಾಟಕದ ಕೊನೆ ಏನೆಂದು ನಟರಿಗೇ ಗೊತ್ತಿರುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ. ಆ ವರ್ಷ ಎಲ್ಲರಿಗೂ ನಿದ್ದೆಯ ಬಾಕಿ ಇತ್ತು. ತಮ್ಮನ ಪಾತ್ರದ ಮುಕುಂದ್ ಮೈಸೂರಿನವನು, ಹೋಬೋಕನ್‌ನಿಂದ ಫೆರ್ರಿ ಹಿಡಿದು ಮ್ಯಾನ್‌ಹಾಟನ್ನಿಗೆ ಕಮ್ಯೂಟ್ ಮಾಡುವ ಕನ್ಸಲ್ಟೆಂಟು. ತನ್ನ ಮಾತು ಬರುವ ತನಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ. ಗಿರಾಕಿಯ ಪಾತ್ರದ ಕೀರ್ತಿ ಪಿಸ್ಕಾಟವೇಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಅವಳೊಬ್ಬಳೇ ಎಚ್ಚರವಾಗಿರುತ್ತಿದ್ದಳು.

ಅಣ್ಣನ ಪಾತ್ರ ಮೃತ್ಯುಂಜಯರದೇ.

"ಬಾಯಾರ, ಅವರಿಗೆ ಹೇಳ್ರಿ, ಕತ್ರಿ ಮೊಂಡ ಆಗೇತಿ ಅಂತ."

ಕೀರ್ತಿ ಮುಕುಂದನ ಕಡೆ ತಿರುಗಿ, "ಕತ್ರಿ ಮೊಂಡಾಗಿದೆಯಂತೆ" ಎಂದಳು. ಮುಕುಂದ್ ಏಳಲಿಲ್ಲ. "ರೀ ಮುಕುಂದ್, ಕತ್ರಿ!"

"ಹಾಂ. ಅವರಿಗೆ ಹೇಳಿ, ಕತ್ರಿ ಸರಿಯಾಗೇ ಇದೆ, ಕೈ ಮೊಂಡಾಗಿದೆ ಅಂತ." ಕಣ್ಣು ಉಜ್ಜಿಕೊಂಡ. "ಸಾರ್, ಕಾಫಿ ಏನಾದ್ರೂ ಇದ್ಯಾ?"

ಟೇಪಿನ ಸಂಗತಿ ಮರುದಿನದ ರಿಹರ್ಸಲ್‌ನಲ್ಲಿ ಹೊರಬಿತ್ತು. ಮೃತ್ಯುಂಜಯ ಅದಕ್ಕೂ ಮೊದಲು ಸುತ್ತಮುತ್ತಲಿನ ವಿಡಿಯೊ ಅಂಗಡಿಗಳಿಗೆಲ್ಲ ಫೋನ್ ಮಾಡಿದ್ದರು. ಆ ಸಿನಿಮಾದ ಹೆಸರು ಕೇಳಿದವರೇ ಇರಲಿಲ್ಲ. ಕೀರ್ತಿ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಹುಡುಕುತ್ತೇನೆಂದಳು. ಮುಂದಿನ ಭಾನುವಾರ ಒಂದು ಟೇಪು ತಂದಳು. ಆದರೆ ಅದು ರೀಮೇಕ್ ಅಲ್ಲ, ಮೂಲದ ಫ್ರೆಂಚ್ ಸಿನಿಮಾ. ಎಲ್ಲರೂ ಕೊನೆಯ ಭಾಗ ಮಾತ್ರ ನೋಡಿದರು. ಅದರಲ್ಲಿ ಚಳಿಗಾಲ ಬರುತ್ತದೆ, ತಮ್ಮ ಸತ್ತುಹೋಗುತ್ತಾನೆ. ಅಣ್ಣ ಮರುದಿನ ಅಂಗಡಿ ತೆರೆದು, ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಖಾಲಿ ಕುರ್ಚಿಯ ಕಡೆ ತೋರಿಸಿ, "ಅವನಿಗೆ ಹೇಳಿ, ಬಾಗಿಲು ಹಾಕಲಿ, ಥಂಡಿ ಬರುತ್ತಿದೆ" ಎನ್ನುತ್ತಾನೆ.

ಕೂಟದ ಕಾರ್ಯದರ್ಶಿ ಮಾಧವಿ ಮೊದಲು ಬಾಯಿ ಬಿಟ್ಟರು. "ಅಯ್ಯೋ ಸಾರ್, ಇದು ಬೇಡ. ಜನ ವರ್ಷಕ್ಕೊಂದ್ಸಲ ರೇಷ್ಮೆ ಸೀರೆ ಉಟ್ಕೊಂಡು ಬರ್ತಾರೆ. ಅಳಿಸಿ ಕಳಿಸೋದಾ?"

"ರೀಮೇಕ್‌ನಾಗ ಹಿಂಗಿಲ್ರೀ," ಎಂದರು ಮೃತ್ಯುಂಜಯ. "ಅದರಾಗ ಇಬ್ರೂ ಮಾತಾಡ್ತಾರ. ಅಣ್ಣ ತಾನ ಹೋಗಿ ತಮ್ಮನ ಕುರ್ಚ್ಯಾಗ ಕುಂದರ್ತಾನ. ಅಂಗಡ್ಯಾಗ ಗಿರಾಕಿ ಯಾರೂ ಇರಂಗಿಲ್ಲ. ಕೂದಲಾ ಎಷ್ಟು ಸಣ್ಣ ಮಾಡಬೇಕಂತ ಅವನಿಗೇ ಹೇಳಬೇಕಾಗ್ತದ."

"ಗ್ಯಾರಂಟಿನಾ ಸಾರ್?" ಮುಕುಂದ್ ಕೇಳಿದ. "ರೀಮೇಕ್ ಅಂದ್ಮೇಲೆ ಕೊನೆನೂ ಅದೇ ಇಟ್ಟಿರ್ತಾರಲ್ವಾ? ಆ ಆಕ್ಟರ್ ಮುಖ ಹೇಗಿತ್ತು ಆ ಸೀನಲ್ಲಿ? ಅದನ್ನ ಹೇಳಿದ್ರೆ ನನಗೆ ಅನುಕೂಲ."

ಮೃತ್ಯುಂಜಯ ಕಣ್ಣು ಮುಚ್ಚಿ ಆ ದೃಶ್ಯವನ್ನು ಹುಡುಕಿದರು. ಮುಖ ನೆನಪಿಗೆ ಬರಲಿಲ್ಲ. ಉಳಿದ ದೃಶ್ಯಗಳೆಲ್ಲ ಬರುತ್ತಿದ್ದವು: ನೊರೆ, ಕನ್ನಡಿ, ಅಣ್ಣನ ದಪ್ಪ ಹುಬ್ಬು. ಕೊನೆಯದರಲ್ಲಿ ಚಿತ್ರವೇ ಇರಲಿಲ್ಲ, ಮಾತು ಮಾತ್ರ ಇತ್ತು. ಆ ಮಾತೂ ಕನ್ನಡದಲ್ಲಿತ್ತು.

ಅವತ್ತು ಎಲ್ಲರೂ ಹೋದ ಮೇಲೆ ಅವರು ಪಾತ್ರೆ ಒರೆಸುತ್ತ ರಾಜಿಯ ಹತ್ತಿರ ಹೇಳಿದರು. "ಇಂಗ್ಲಿಷ್ ಸಿನಿಮಾದ ಕೊನಿ ನನಗ ಕನ್ನಡದಾಗ ಯಾಕ ನೆನಪೈತಿ?"

"ಅನುವಾದ ಮಾಡಿ ಮಾಡಿ ಹಂಗಾಗಿರಬೇಕು."

"ಕೊನಿ ಇನ್ನೂ ಮಾಡೇ ಇಲ್ಲ."

"ಮತ್ತ ಯಾರ ಕೂಡ ನೋಡಿದ್ರಿ? ಅವರನ್ನ ಕೇಳ್ರಿ."

ರಾಜಿಗೆ ಗೊತ್ತಿದ್ದೂ ಕೇಳಿದ ಪ್ರಶ್ನೆ ಅದು. ಹೋಬೋಕನ್‌ನ ಆ ಮನೆಯಲ್ಲಿ ಇದ್ದವರು ಇಬ್ಬರೇ, ಮೃತ್ಯುಂಜಯ ಮತ್ತು ಅವರ ತಮ್ಮ ಮಹೇಶ. ಮಹೇಶ ಈಗ ಪಿಸ್ಕಾಟವೇಯಲ್ಲಿ ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರ್. ಕಾರಿನಲ್ಲಿ ಹತ್ತು ಹನ್ನೆರಡು ನಿಮಿಷದ ದೂರ. ಇಬ್ಬರ ನಡುವೆ 1990ರ ಫೆಬ್ರವರಿಯಿಂದ ಮಾತಿರಲಿಲ್ಲ.

ಆ ಚಳಿಗಾಲದಲ್ಲಿ ಅವರ ತಾಯಿ ಶೈಲಮ್ಮ ತೀರಿಕೊಂಡಿದ್ದರು. ಆರು ತಿಂಗಳು ದೊಡ್ಡ ಮಗನ ಮನೆ, ಆರು ತಿಂಗಳು ಸಣ್ಣ ಮಗನ ಮನೆ ಎಂದು ಇದ್ದ ಮುದುಕಿ. ಸಣ್ಣ ಮಗನ ಸರದಿಯಲ್ಲಿ ಹೋದರು. ಮೃತ್ಯುಂಜಯ ಆಗ ಶಿಕಾಗೋದಲ್ಲಿ, ಕಂಪನಿಯ ಹೊಸ ಡೇಟಾ ಸೆಂಟರ್ ಶುರುಮಾಡುವ ಕೆಲಸದ ಮೇಲೆ ಇದ್ದರು. ಹಿಮ ಬಿದ್ದು ವಿಮಾನ ತಡವಾಗಿ, ಅವರು ಬಂದು ತಲುಪುವಷ್ಟರಲ್ಲಿ ಮಹೇಶ ತಾಯಿಯ ದೇಹವನ್ನು ದಹನ ಮಾಡಿಸಿಬಿಟ್ಟಿದ್ದ. ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಕೈಯಲ್ಲಿ ಲಿಂಗವಿಟ್ಟು, ಕುಳಿತ ಭಂಗಿಯಲ್ಲಿ ಮಣ್ಣು ಕೊಡುತ್ತಾರೆ. ಇಲ್ಲಿ ಆಗದಿದ್ದರೆ ಊರಿಗೆ ಒಯ್ದು ಅಪ್ಪನ ಪಕ್ಕದಲ್ಲಿ ಇಡಬೇಕಿತ್ತು ಎಂಬುದು ಮೃತ್ಯುಂಜಯರ ಮಾತು. ಅದನ್ನು ಅವರು ಒಂದೇ ಸಲ, ಎಲ್ಲರ ಎದುರಿಗೆ ಹೇಳಿದರು. ಮಹೇಶ ಉತ್ತರ ಕೊಡಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಮೊದಲ ಕೆಲವು ವರ್ಷ ಅದರಲ್ಲಿ ಸಿಟ್ಟಿತ್ತು. ಆಮೇಲೆ ಸಿಟ್ಟೂ ಹೋಗಿ ಅಭ್ಯಾಸ ಉಳಿಯಿತು. ಮೃತ್ಯುಂಜಯ ಕೂಟಕ್ಕೆ ಬರುವ ದಿನ ಮಹೇಶ ಬರುತ್ತಿರಲಿಲ್ಲ. ಮಹೇಶನ ಕಾರು ದಿನಸಿ ಅಂಗಡಿಯ ಮುಂದೆ ಕಂಡರೆ ಮೃತ್ಯುಂಜಯ ಒಂದು ಸುತ್ತು ಹಾಕಿ ಬರುತ್ತಿದ್ದರು. ಇಷ್ಟನ್ನು ನಿಭಾಯಿಸುವುದಕ್ಕೂ ಶಕ್ತಿ ಬೇಕು. ಐವತ್ತೆರಡನೆಯ ವಯಸ್ಸಿಗೆ ಅದೂ ಕಡಿಮೆಯಾಗುತ್ತ ಬಂದಿತ್ತು.

"ಅವನ ನಂಬರೂ ನನ್ನ ಕಡೆ ಇಲ್ಲ," ಎಂದರು.

ರಾಜಿ ಕೈ ಒರೆಸಿಕೊಂಡರು. "ಏಳು ಒತ್ರಿ."

"ಏನು?"

"ಗೋಡಿ ಫೋನಿನ ಸ್ಪೀಡ್ ಡಯಲ್‌ನಾಗ ಏಳು. ಒಂಬತ್ತು ವರ್ಷದಿಂದ ಐತಿ. ನಾ ಮತ್ತ ಮಹೇಶನ ಹೆಂಡ್ತಿ ವಾರಕ್ಕೊಮ್ಮೆ ಮಾತಾಡ್ತೇವಿ. ನಿಮ್ಮ ಜಗಳಾ ನಿಮ್ಮದು."

ಮಗಳು ತಾರಿಣಿ ಟೇಬಲ್ಲಿನ ಬಳಿ ಹೋಂವರ್ಕ್ ಮಾಡುತ್ತಿದ್ದವಳು ತಲೆಯೆತ್ತದೆ, "ಎವ್ರಿಬಡಿ ನೋಸ್, ಅಪ್ಪಾ," ಎಂದಳು.

ಮೃತ್ಯುಂಜಯ ಏಳು ಒತ್ತಿದರು.

"ಹಲೋ."

"ನಾ, ಮೃತ್ಯುಂಜಯ."

ಆ ಕಡೆ ಟಿವಿಯ ಸದ್ದು ನಿಂತಿತು. "ಯಾರು ಹೋದ್ರು?" ಎಂದ ಮಹೇಶ.

"ಯಾರೂ ಹೋಗಿಲ್ಲ. ಎಲ್ಲಾರೂ ಅದಾರ."

"ರಾಜಿ ವೈನಿ?"

"ಇಲ್ಲೇ ಅದಾಳ. ಮಹೇಶ, ಒಂದು ಸಿನಿಮಾದ್ದು ಕೇಳೂದಿತ್ತು."

"ಸಿನಿಮಾದ್ದು."

"ಹೋಬೋಕನ್ ಮನ್ಯಾಗ ನೋಡಿದ್ದು. ಇಬ್ರು ಅಣ್ಣ ತಮ್ಮ, ಕ್ಷೌರದ ಅಂಗಡಿ..."

"ಮಾತಾಡಂಗಿಲ್ಲ. ಗಿರಾಕಿ ಕೈಲೆ ಹೇಳಸ್ತಾರ."

"ಹಾಂ. ಅದರ ಕೊನೀಗೆ ಏನಾಗ್ತದ?"

ಮಹೇಶ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. "ಇಷ್ಟು ವರ್ಷ ಆದ ಮ್ಯಾಲೆ ಇದನ್ನ ಕೇಳಾಕ ಫೋನ್ ಮಾಡೀಯೇನಣ್ಣ?"

"ನಾಟಕ ಐತಿ. ನವೆಂಬರ್ ಹದಿಮೂರಕ್ಕ. ಕೊನಿ ಬರೀಬೇಕು."

"ಕೊನಿ ನಾವು ನೋಡೇ ಇಲ್ಲ."

"ನೋಡೀವಿ. ಅಣ್ಣ ಹೋಗಿ ತಮ್ಮನ ಕುರ್ಚ್ಯಾಗ ಕುಂದರ್ತಾನ."

"ಅದನ್ನ ನಾ ಹೇಳಿದ್ದು," ಎಂದ ಮಹೇಶ. "ಅವತ್ತ ನ್ಯೂಯಾರ್ಕಿನಾಗ ಕರೆಂಟ್ ಹೋತು, ನೆನಪಿಲ್ಲೇನು? ಇಡೀ ಊರು ಕತ್ತಲಾತು. ನಮ್ಮ ಮನ್ಯಾಗ ದೀಪ ಇತ್ತು, ಟಿವಿ ಮಾತ್ರ ಹೋತು. ಅಣ್ಣ ಬಾಗಲಾ ಹಾಕಿದ್ದ, ತಮ್ಮ ಕನ್ನಡಿ ಒರಸಾಕತ್ತಿದ್ದ, ಅಷ್ಟರಾಗ ಪರದಿ ಮ್ಯಾಲೆ ಬರೇ ಇರಿವಿ ಹರದಾಡಿದಂಗ ಆತು. ನೀ ಟಿವಿಗೆ ಎರಡು ಬಡದಿ."

ಮೃತ್ಯುಂಜಯರಿಗೆ ಆಗ ನೆನಪಾಯಿತು. 1977ರ ಜುಲೈ 13, ರಾತ್ರಿ ಒಂಬತ್ತೂವರೆಯ ಸುಮಾರು. ಹೋಬೋಕನ್‌ಗೆ ವಿದ್ಯುತ್ ಬರುತ್ತಿದ್ದದ್ದು ನ್ಯೂಜೆರ್ಸಿಯಿಂದ, ಟಿವಿಯ ಚಿತ್ರ ಬರುತ್ತಿದ್ದದ್ದು ನದಿಯಾಚೆಯ ಎತ್ತರದ ಕಟ್ಟಡಗಳ ಮೇಲಿನ ಟ್ರಾನ್ಸ್‌ಮಿಟರುಗಳಿಂದ. ಅಲ್ಲಿ ಕರೆಂಟ್ ಹೋದೊಡನೆ ಇಲ್ಲಿ ಚಿತ್ರ ಹೋಯಿತು. ಅವರು ಮಹಡಿಯ ಕಬ್ಬಿಣದ ಮೆಟ್ಟಿಲ ಮೇಲೆ ಹೋಗಿ ಕುಳಿತಿದ್ದರು. ಎದುರಿಗೆ, ದಿನವೂ ಬೆಳಗುತ್ತಿದ್ದ ಮ್ಯಾನ್‌ಹಾಟನ್ ಇರಬೇಕಾದ ಕಡೆ, ಏನೂ ಇರಲಿಲ್ಲ. ಕೊನೆ ತಪ್ಪಿತೆಂದು ಮೃತ್ಯುಂಜಯ ಸಿಡಿಮಿಡಿಗೊಂಡಿದ್ದರು. ಆಗ ಮಹೇಶ, ಬಂದು ಒಂದು ವರ್ಷವೂ ಆಗದ ವಿದ್ಯಾರ್ಥಿ, ಕೊನೆ ಹೀಗಾಗಬೇಕು ನೋಡು ಎಂದು ಹೇಳಿದ್ದ. ಅಣ್ಣ ಅದನ್ನು ಇಪ್ಪತ್ತೆರಡು ವರ್ಷ ಹಾಲಿವುಡ್ಡಿನದೆಂದು ಎಲ್ಲರಿಗೂ ಹೇಳುತ್ತ ಬಂದಿದ್ದರು.

ಫೋನ್ ಮಾಡಿದ ಕೆಲಸ ಮುಗಿದಿತ್ತು. ಇಟ್ಟುಬಿಡಬಹುದಿತ್ತು. ಮೃತ್ಯುಂಜಯ ಇಡಲಿಲ್ಲ.

"ಮಹೇಶ, ನೀ ಅವ್ವನ್ನ ಸುಡಬಾರದಿತ್ತು."

"ಗೊತ್ತು."

"ಗೊತ್ತಿದ್ದೂ..."

"ಅವ್ವನೇ ಹೇಳಿದ್ಲು, ಅಣ್ಣ." ಮಹೇಶನ ಧ್ವನಿ ಏರಲಿಲ್ಲ, ಎದ್ದು ಬಾಗಿಲು ತೆರೆಯುವವನ ಆಯಾಸ ಅದರಲ್ಲಿತ್ತು. "ಹಾಸಿಗಿ ಹಿಡಿದಾಗ ದಿನಾ ಕಿಟಕ್ಯಾಗ ಮಂಜು ನೋಡ್ತಿದ್ಲು. 'ಈ ನೆಲದಾಗ ನನ್ನ ಇಡಬ್ಯಾಡ್ರೆಪ್ಪಾ, ಭಾಳ ಥಂಡಿ ಆಗ್ತದ' ಅಂದ್ಲು. ಊರಿಗೆ ಒಯ್ತೇವಿ ಅಂದೆ. 'ಪೆಟ್ಟಿಗ್ಯಾಗ ಹಾಕಿ ಸಾಮಾನಿನ ಕೂಡ ಕಳಸ್ತೀರೇನು, ಬ್ಯಾಡ. ಬೆಚ್ಚಗ ಕಳಸ್ರಿ' ಅಂದ್ಲು. ನಿನ್ನ ಆಫೀಸಿಗೆ ಫೋನ್ ಮಾಡಿದೆ, ಒಳಗ ಅದಾರ, ಹೊರಗ ಬರೂಹಂಗಿಲ್ಲ ಅಂದ್ರು."

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲ್ಲ. ಮಂದಿ ಮುಂದ ಬೈದಿ."

ಅಡುಗೆಮನೆಯಲ್ಲಿ ರಾಜಿ ಒರೆಸಿದ ಪಾತ್ರೆಗಳನ್ನೇ ಮತ್ತೆ ಒರೆಸುತ್ತಿದ್ದರು. ಮೃತ್ಯುಂಜಯ ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಿದ್ದರು. ಕ್ಷಮೆ ಕೇಳುವ ಮಾತು ಅವರಿಗೆ ಎಂದೂ ಬಂದದ್ದಲ್ಲ, ಆಗಲೂ ಬರಲಿಲ್ಲ.

"ನವೆಂಬರ್ ಹದಿಮೂರು ಶನಿವಾರ," ಎಂದರು. "ಎಡಿಸನ್ ಹೈಸ್ಕೂಲಿನಾಗ. ನಾಲ್ಕಕ್ಕ ಶುರು."

"ಆ ಶನಿವಾರ ನಮ್ಮ ಆಫೀಸಿನಾಗ 2000ದ ಟೆಸ್ಟಿಂಗ್ ಐತಿ," ಎಂದ ಮಹೇಶ.

"ಹೌದೇನು. ಸರಿ."

ಫೋನ್ ಇಟ್ಟ ಮೇಲೆ ರಾಜಿ ಕೇಳಿದರು. "ಏನಂದ್ರು?"

"ಟೆಸ್ಟಿಂಗ್ ಐತಂತ."

ಮರುದಿನದ ರೈಲಿನಲ್ಲಿ ಅವರು ಕೊನೆಯ ದೃಶ್ಯ ಬರೆದರು. ಟೇಲರ್ ಅಂಗಡಿಗೆ ಹೊಂದುವಂತೆ ಸ್ವಲ್ಪ ಬದಲಾಯಿಸಿದರು. ಬಾಗಿಲು ಹಾಕಿದ ಮೇಲೆ ಅಣ್ಣ ತಮ್ಮನ ಎದೆಯ ಸುತ್ತ ಟೇಪು ಹಿಡಿಯುತ್ತಾನೆ, ಅವನಿಗೊಂದು ಕೋಟು ಹೊಲಿಯಲು. ಅಳತೆಯನ್ನು ಕೂಗಿ ಹೇಳಬೇಕು, ಕೇಳಿಸಿಕೊಳ್ಳಲು ಗಿರಾಕಿ ಇಲ್ಲ. ಆ ಅಂಕಿಯೇ ಅವರ ನಡುವಿನ ಮೊದಲ ಮಾತು. ಅಲ್ಲಿಗೆ ತೆರೆ.

ಆಮೇಲೆ ಮಾಧವಿಗೆ ಫೋನ್ ಮಾಡಿದರು. "ಬ್ರೋಷರ್‌ನಾಗ 'ಹಾಲಿವುಡ್ ಚಿತ್ರದ ಆಧಾರ' ಅಂತ ಹಾಕೀರಲ್ಲ, ಅದರ ಕೆಳಗ ಇನ್ನೊಂದು ಸಾಲು ಬೇಕು. 'ಕೊನೆಯ ದೃಶ್ಯ: ಮಹೇಶ ಬಣಕಾರ.'"

"ನಿಮ್ಮ... ನಿಮ್ಮ ಬ್ರದರ್ರಾ?"

"ಹೌದು."

"ಸಾರ್, ಪ್ರಿಂಟಿಗೆ ಹೋಗ್ಬಿಟ್ಟಿದೆ."

"ಹಂಗಾದ್ರ ಸ್ಟಿಕರ್ ಹಚ್ಚೂಣು."

"ನಾನೂರು ಕಾಪಿ ಸಾರ್!"

"ನಾ ಹಚ್ತೇನಿ ಬಿಡ್ರಿ."

ಹಚ್ಚಿದರು. ಎರಡು ವಾರಾಂತ್ಯ, ತಮ್ಮ ಆಫೀಸಿನ ಟೆಸ್ಟಿಂಗ್ ಮುಗಿಸಿ ಬಂದು, ಊಟದ ಟೇಬಲ್ಲಿನ ಮೇಲೆ. ತಾರಿಣಿ ಅರ್ಧ ಸಹಾಯ ಮಾಡಿದಳು. ಅವಳು ಓರೆಯಾಗಿ ಅಂಟಿಸಿದ್ದನ್ನು ಅವರು ಉಗುರಿನಿಂದ ಕಿತ್ತು ಸರಿಯಾಗಿ ಅಂಟಿಸಿದರು. "ಹಿ ಮೇ ನಾಟ್ ಈವನ್ ಕಮ್, ಅಪ್ಪಾ," ಎಂದಳು ಅವಳು ಒಮ್ಮೆ.

"ಬರಲಿ ಬಿಡಲಿ. ಅವನದು ಅವನದ."

ನವೆಂಬರ್ 13ರಂದು ಎಲ್ಲ ರಾಜ್ಯೋತ್ಸವಗಳಂತೆ ಎಲ್ಲವೂ ತಡವಾಯಿತು. ನಾಡಗೀತೆ ತಡ, ಅತಿಥಿಯ ಭಾಷಣ ಉದ್ದ, ಮಕ್ಕಳ ಸಮೂಹ ನೃತ್ಯದ ಟೇಪು ಸಿಕ್ಕಿಕೊಂಡು ಮತ್ತೆ ಮೊದಲಿನಿಂದ. ಸಭಾಂಗಣ ಆರಕ್ಕೆ ಖಾಲಿಯಾಗಬೇಕೆಂದು ಶಾಲೆಯವರು ಕರಾರು ಹಾಕಿದ್ದರು. ಆಮೇಲೆ ಅಲ್ಲಿ ಶಾಲೆಯ ಮಕ್ಕಳ ಬ್ಯಾಂಡಿನ ಅಭ್ಯಾಸವಿತ್ತು. ನಾಟಕ ಶುರುವಾದಾಗ ಐದೂಕಾಲು. ಮೃತ್ಯುಂಜಯ ಪರದೆಯ ಸಂದಿಯಿಂದ ಸಭಿಕರ ಸಾಲುಗಳನ್ನು ಒಂದು ಸಲ ಎಡದಿಂದ ಬಲಕ್ಕೆ ನೋಡಿದರು. ಮಹೇಶ ಕಾಣಲಿಲ್ಲ. ಕುತ್ತಿಗೆಗೆ ಟೇಪು ಹಾಕಿಕೊಂಡು ರಂಗಕ್ಕೆ ಹೋದರು.

ಜನ ನಕ್ಕರು. ಕೀರ್ತಿ ಅತ್ತ ಇತ್ತ ತಿರುಗುತ್ತ ಸುಸ್ತಾದ ಗಿರಾಕಿಯಾಗಿ ಚಪ್ಪಾಳೆ ಗಿಟ್ಟಿಸಿದಳು. ಮುಕುಂದ್ ಒಂದು ಮಾತನ್ನೂ ಮರೆಯಲಿಲ್ಲ, ಮಲಗಲೂ ಇಲ್ಲ. ಆಮೇಲೆ, ಬರೆದಿದ್ದಂತೆಯೇ, ನಗು ಕಡಿಮೆಯಾಗುತ್ತ ಬಂತು. ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಒಂದು ಮಗುವೂ ಸುಮ್ಮನಾಯಿತು. ಕೊನೆಯ ಗಿರಾಕಿ ಹೊರಟಳು. ಅಣ್ಣ ಬಾಗಿಲು ಹಾಕಿದ. ತಮ್ಮ ಬೆನ್ನು ತಿರುಗಿಸಿ ಇಸ್ತ್ರಿ ಪೆಟ್ಟಿಗೆ ಒರೆಸತೊಡಗಿದ. ಮೃತ್ಯುಂಜಯ ಕುತ್ತಿಗೆಯಿಂದ ಟೇಪು ತೆಗೆದರು.

ಸಭಾಂಗಣದ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಶಾಲೆಯ ಕಾವಲಿನವನು ಬೀಗದಕೈ ಗೊಂಚಲು ಹಿಡಿದು ಪಕ್ಕದ ಬಾಗಿಲಲ್ಲಿ ನಿಂತಿದ್ದ. ಮಾಧವಿ ಅವನ ಮುಂದೆ ಕೈ ಮುಗಿಯುತ್ತಿದ್ದರು. ಬ್ಯಾಂಡಿನ ಮಕ್ಕಳು ಡೋಲು ಕಹಳೆ ಹೊತ್ತು ಆಗಲೇ ಒಳಗೆ ಬರತೊಡಗಿದ್ದರು. ಜನ ನಾಟಕ ಮುಗಿಯಿತೆಂದುಕೊಂಡು ಎದ್ದರು, ಕೋಟು ಹುಡುಕಿದರು. ಪರದೆ ಬಿತ್ತು. ಟೇಪು ಕೈಯಲ್ಲೇ ಉಳಿಯಿತು.

"ಸಾರಿ ಸಾರ್," ಎಂದ ಮುಕುಂದ್. ಅವನ ಪೇಜರ್ ಆಗಲೇ ಮೂರು ಸಲ ಗುರುಗುಟ್ಟಿತ್ತು. ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡು ಪಾರ್ಕಿಂಗ್ ಲಾಟಿಗೆ ಓಡಿದ.

ಕೆಫೆಟೇರಿಯಾದಲ್ಲಿ ಊಟದ ಸಾಲು ಗೋಡೆಯವರೆಗೆ ಬೆಳೆದಿತ್ತು. ಮೃತ್ಯುಂಜಯ ಬಣ್ಣ ಒರೆಸದೆ, ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡು, ಒಂದು ಕುರ್ಚಿಯ ಮೇಲೆ ಕುಳಿತಿದ್ದರು. ತುಂಬ ದಣಿದಿದ್ದರು. ಬ್ರೋಷರ್ ಬೀಸಿಕೊಳ್ಳುತ್ತ ಒಬ್ಬರು ಆಂಟಿ ಬಂದರು.

"ಅಲ್ಲಾ ಬಣಕಾರ್ ಅವ್ರೇ, ಕೊನೆಗೆ ಅವರಿಬ್ರೂ ಮಾತಾಡಿದ್ರೋ ಇಲ್ವೋ? ನನಗೆ ಇವತ್ತು ನಿದ್ದೆ ಬರಲ್ಲ. ಇಲ್ಲಿ ಬರೆದಿದ್ದೀರ, ಕೊನೆಯ ದೃಶ್ಯ ಮಹೇಶ ಬಣಕಾರ ಅಂತ. ಯಾರದು? ಅವರನ್ನೇ ಕೇಳ್ತೀನಿ."

"ಅಲ್ಲಿ ನಿಂತಾರಲ್ರೀ," ಎಂದರು ರಾಜಿ.

ಊಟದ ಸಾಲಿನ ಕೊನೆಯಲ್ಲಿ, ಕಾಗದದ ತಟ್ಟೆ ಹಿಡಿದು, ದಪ್ಪ ಜಾಕೆಟ್ಟಿನಲ್ಲಿ ಮಹೇಶ ನಿಂತಿದ್ದ. ಆಫೀಸಿನ ಬ್ಯಾಡ್ಜು ಇನ್ನೂ ಬೆಲ್ಟಿಗಿತ್ತು. ಅಣ್ಣನಿಗಿಂತ ಎತ್ತರ, ಮುಂದಲೆಯಲ್ಲಿ ಕೂದಲಿರಲಿಲ್ಲ. ಯಾವಾಗ ಬಂದನೋ, ಹಿಂದಿನ ಬಾಗಿಲ ಬಳಿ ನಿಂತೇ ನೋಡಿದ್ದನಂತೆ. ಕೂಟದ ಹಳಬರಿಗೆ ಈ ಇಬ್ಬರ ಸಂಗತಿ ಗೊತ್ತಿತ್ತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ಆಂಟಿ ಬಿಡಲಿಲ್ಲ. "ಏನಪ್ಪಾ, ನೀನಾ ಬರೆದಿದ್ದು? ಏನಾಯ್ತು ಕೊನೆಗೆ?"

ಮಹೇಶ ಅಣ್ಣನ ಕಡೆ ನೋಡಲಿಲ್ಲ. "ಅಮ್ಮಾರ," ಎಂದ ಆಂಟಿಗೆ, "ಅವರಿಗೆ ಹೇಳ್ರಿ, ಅವರೇ ತೋರಸಲಿ ಅಂತ."

ಯಾರೋ ನಕ್ಕರು. ಆಂಟಿಗೆ ಅರ್ಥವಾಗಿ, ಗಂಭೀರವಾಗಿ ಮೃತ್ಯುಂಜಯರ ಕಡೆ ತಿರುಗಿದರು. "ತೋರಿಸ್ಬೇಕಂತೆ."

"ಅಪ್ಪಾ, ಜಸ್ಟ್ ಡೂ ಇಟ್ ಹಿಯರ್," ಎಂದಳು ತಾರಿಣಿ.

ಮೃತ್ಯುಂಜಯ ಎದ್ದರು. ಮಹೇಶ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು, ಟೇಲರ್ ಮುಂದೆ ನಿಲ್ಲುವವರ ಹಾಗೆ ಎರಡೂ ತೋಳು ಸ್ವಲ್ಪ ಎತ್ತಿದ. ಮೃತ್ಯುಂಜಯ ಟೇಪನ್ನು ಅವನ ಬೆನ್ನ ಹಿಂದೆ ಹಾಯಿಸಲು ಹೋದರು. ಅದಕ್ಕೆ ತಬ್ಬಿಕೊಳ್ಳುವಷ್ಟು ಹತ್ತಿರ ಹೋಗಲೇಬೇಕಾಯಿತು.

"ಜಾಕೆಟ್ ತೆಗಸ್ರೀ, ಅಳತಿ ತಪ್ತದ," ಎಂದರು ರಾಜಿ ಹಿಂದಿನಿಂದ.

ಮಹೇಶ ಜಾಕೆಟ್ ತೆಗೆದ. ಮೃತ್ಯುಂಜಯ ಮತ್ತೆ ಟೇಪು ಸುತ್ತಿದರು, ಎರಡು ತುದಿಗಳನ್ನು ಎದೆಯ ಮೇಲೆ ಕೂಡಿಸಿ ಹಿಡಿದರು. ಒಂದು ಕೈಯಿಂದ ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. ಟೇಪಿನ ಕೆಳಗೆ ತಮ್ಮನ ಎದೆ ಏರಿಳಿಯುತ್ತಿತ್ತು. ಅದು ನಿಲ್ಲಲೆಂದು ಕಾದರು. ನಿಲ್ಲಲಿಲ್ಲ.

"ಥರ್ಟಿ ಸಿಕ್ಸ್, ಅಪ್ಪಾ," ತಾರಿಣಿ ಪಿಸುಗುಟ್ಟಿದಳು. ಬರೆದ ದೃಶ್ಯದಲ್ಲಿದ್ದ ಅಂಕಿ ಅದು, ಮುಕುಂದನ ಎದೆಯದು.

ಮೃತ್ಯುಂಜಯ ಅದನ್ನು ಹೇಳಲಿಲ್ಲ. ಟೇಪಿನ ಮೇಲಿನ ಗೆರೆಯನ್ನು ಸರಿಯಾಗಿ ನೋಡಿ, ತಲೆಯೆತ್ತಿ ತಮ್ಮನ ಮುಖ ನೋಡಿ, ಕೆಫೆಟೇರಿಯಾದ ಆ ತುದಿಗೂ ಕೇಳುವಂತೆ ಹೇಳಿದರು:

"ನಲವತ್ಮೂರೂವರಿ."